ಸಮುದಾಯ ಭವನದಲ್ಲಿ 5 ಅಡಿ 6 ಅಡಿಯ ‘ಅಂಗವಿಕಲರ ಶೌಚಾಲಯ’: ಇಷ್ಟು ಸಾಕಾ?

ಹಾವೇರಿ ಹುಡುಗ
ಎಲ್ಲರಿಗೂ ನಮಸ್ಕಾರ. ಹಾವೇರಿ ಹತ್ತಿರದ ನಮ್ಮ ಸಣ್ಣ ಊರಲ್ಲಿ ಸಮುದಾಯ ಭವನ ಕಟ್ಟುತ್ತಿದ್ದೇವೆ. ಮದುವೆ, ನಾಮಕರಣ, ಗ್ರಾಮಸಭೆ ಎಲ್ಲಾ ಅಲ್ಲೇ ಆಗಬೇಕು. ಸಮಿತಿಯಲ್ಲಿ ನಾನೇ ಚಿಕ್ಕವನು. ಅದಕ್ಕೇ ‘ಶೌಚಾಲಯದ ಉಸ್ತುವಾರಿ ನೀನೇ ನೋಡ್ಕೋ’ ಅಂತ ನನ್ನ ತಲೆಗೆ ಕಟ್ಟಿದ್ದಾರೆ.

ಪ್ಲ್ಯಾನಿನಲ್ಲಿ ಹೆಂಗಸರ ಶೌಚಾಲಯದ ಒಳಗೆ, ಕೊನೇ ಮೂಲೆಯಲ್ಲಿ, 5 ಅಡಿ ಅಗಲ 6 ಅಡಿ ಉದ್ದದ ಕೋಣೆಗೆ ‘ಅಂಗವಿಕಲರಿಗೆ’ ಅಂತ ಬರೆದಿದೆ. ಒಂದು ಕಮೋಡು, ಎರಡು ಸ್ಟೀಲ್ ಹಿಡಿಕೆ. ಪಾಯ ಮುಗಿದಿದೆ, ಗೋಡೆ ಇನ್ನೂ ಎದ್ದಿಲ್ಲ. ಇಷ್ಟು ಸಾಕಾ? ಹಿಡಿಕೆ ಯಾವ ಕಂಪನಿಯದು ಒಳ್ಳೆಯದು?

ಚಕ್ರವರ್ತಿನಿ
ಹಿಡಿಕೆಯ ಕಂಪನಿ ಆಮೇಲೆ ನೋಡೋಣ ತಮ್ಮಾ. ಮೊದಲು ಜಾಗ.

ಬೆನ್ನುಹುರಿಗೆ ಪೆಟ್ಟಾಗಿ ನಾನು ಹದಿನಾಲ್ಕು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದೇನೆ. ನಿಮ್ಮ ಆ ಕೋಣೆಗೆ ನಾನು ನೇರ ನುಗ್ಗಬಹುದು. ಕಮೋಡಿನ ಎದುರು ಹೋಗಿ ನಿಲ್ಲಬಹುದು. ಅದನ್ನು ಕಣ್ತುಂಬ ನೋಡಬಹುದು. ಕೂರಲು ಮಾತ್ರ ಆಗಲ್ಲ.

ನಾವು ಕೂರುವುದು ಹೇಗೆ ಅಂತ ಹೇಳುತ್ತೇನೆ, ಯಾಕಂದರೆ ಇದನ್ನು ಯಾರೂ ಕೇಳುವುದಿಲ್ಲ, ನಾವೂ ನಾಚಿಕೆಗೆ ಹೇಳುವುದಿಲ್ಲ. ಕುರ್ಚಿಯನ್ನು ತಿರುಗಿಸಿ, ಹಿಂದಕ್ಕೆ ತಳ್ಳುತ್ತಾ ಕಮೋಡಿನ ಪಕ್ಕಕ್ಕೆ ತರಬೇಕು. ಎರಡೂ ಸೀಟು ಅಕ್ಕಪಕ್ಕ ಬಂದ ಮೇಲೆ ಬ್ರೇಕ್ ಹಾಕಿ, ಕುರ್ಚಿಯ ಆ ಕಡೆಯ ತೋಳಾಸರೆ ಕಳಚಿ, ಒಂದು ಕೈ ಕುರ್ಚಿ ಮೇಲೆ, ಇನ್ನೊಂದು ಕೈ ಗೋಡೆಯ ಹಿಡಿಕೆ ಮೇಲೆ ಊರಿ, ಮೈಯನ್ನು ಎತ್ತಿ ಆ ಕಡೆಗೆ ಜರುಗಿಸಬೇಕು. ಇದಕ್ಕೆ ಕಮೋಡಿನ ಒಂದು ಪಕ್ಕದಲ್ಲಿ ಪೂರ್ತಿ 3 ಅಡಿ ಖಾಲಿ ಬೇಕು. ಖಾಲಿ ಅಂದರೆ ಖಾಲಿ. ಬಕೆಟ್ ಬೇಡ, ಕಸದ ಡಬ್ಬಿ ಬೇಡ, ‘ಇಲ್ಲಿ ಜಾಗ ಇದೆಯಲ್ಲಾ’ ಅಂತ ವಾಶ್ ಬೇಸಿನ್ನೂ ಬೇಡ. ತಿರುಗಲು ಮುಂದೆ 5 ಅಡಿಯ ವೃತ್ತ ಬೇರೆ ಬೇಕು. ಕಮೋಡಿನ ಸೀಟು ಗಾಲಿಕುರ್ಚಿಯ ಸೀಟಿನಷ್ಟೇ ಎತ್ತರ, 18ರಿಂದ 19 ಇಂಚು. ತಗ್ಗಾದರೆ ಇಳಿಯುವುದು ಸುಲಭ, ವಾಪಸ್ ಹತ್ತುವಾಗ ದೇವರೇ ಗತಿ.

ನನ್ನ ತಂಗಿಯ ಮದುವೆಯಲ್ಲಿ ಹಿಂದಿನ ರಾತ್ರಿಯಿಂದ ನೀರು ಕುಡಿದಿರಲಿಲ್ಲ. ಆದರೂ ತಡೆಯಲಾಗದೆ ಧಾರೆಗೆ ಮೊದಲೇ ಮನೆಗೆ ಹೊರಟುಬಿಟ್ಟೆ. ಮುನಿಸಿಕೊಂಡು ಹೋದಳು ಅಂತ ನೆಂಟರು ಇವತ್ತಿಗೂ ಅಂದುಕೊಂಡಿದ್ದಾರೆ.

ಇನ್ನೊಂದು. ಅದನ್ನು ಹೆಂಗಸರ ಶೌಚಾಲಯದ ಒಳಗೆ ಇಡಬೇಡಿ. ನನಗೆ ಸಹಾಯ ಮಾಡುವುದು ನನ್ನ ಗಂಡ. ಅವರು ಒಳಗೆ ಬಂದರೆ ನಿಮ್ಮೂರಿನ ಹೆಂಗಸರು ಸುಮ್ನೆ ಬಿಡ್ತಾರಾ?

ನಿವೃತ್ತ ಇಂಜಿನಿಯರ್
ಆ 5 ಅಡಿ 6 ಅಡಿ ಎಲ್ಲಿಂದ ಬಂತು ಗೊತ್ತಾ? ಹಳೆಯ ಮಾದರಿ ಕಟ್ಟಡ ಉಪನಿಯಮಗಳಲ್ಲಿ 1.5 ಮೀಟರಿಗೆ 1.75 ಮೀಟರ್ ಅಂತ ಇತ್ತು. ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್‌ಗಳ ಕಂಪ್ಯೂಟರಿನಲ್ಲಿ ಆ ಅಳತೆಯ ಸಿದ್ಧ ಚಿತ್ರ ಇನ್ನೂ ಕೂತಿದೆ. ಎತ್ತಿ ಅಂಟಿಸುತ್ತಾರೆ. ನನ್ನ ಸರ್ವಿಸಿನಲ್ಲಿ ನಾನೂ ಅಂಟಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 2016ರ ಮಾರ್ಗಸೂಚಿಯಲ್ಲಿ ಒಳಗಿನ ಅಳತೆ ಕನಿಷ್ಠ 2,200 ಮಿ.ಮೀ.ಗೆ 2,000 ಮಿ.ಮೀ. ಇದೆ. ನಮ್ಮ ಲೆಕ್ಕದಲ್ಲಿ ಸುಮಾರು 7 ಅಡಿ 3 ಇಂಚಿಗೆ 6 ಅಡಿ 7 ಇಂಚು. ಅದನ್ನು ಪರಿಷ್ಕರಿಸಿ 2021ರಲ್ಲಿ ಹೊಸದು ತಂದಿದ್ದಾರೆ. ನಿಮ್ಮ ಇಂಜಿನಿಯರ್ ಕೈಗೆ ಅದನ್ನೇ ಕೊಡಿ.

ಕಮೋಡನ್ನು ಕೋಣೆಯ ಮಧ್ಯದಲ್ಲಿ ಕೂರಿಸಬಾರದು. ಎರಡೂ ಕಡೆ ಅರೆಬರೆ ಜಾಗ ಉಳಿದು ಯಾವ ಕಡೆಯೂ ಕುರ್ಚಿ ಹಿಡಿಸುವುದಿಲ್ಲ. ಒಂದು ಗೋಡೆಗೆ ಹತ್ತಿರ ತನ್ನಿ. ಟೈಲ್ಸಿನ ಮುಖದಿಂದ ಕಮೋಡಿನ ನಡುಗೆರೆಗೆ 18 ಇಂಚು ಚಿಲ್ಲರೆ, ಅಂದರೆ 460ರಿಂದ 480 ಮಿ.ಮೀ. ಆಗ ಆ ಗೋಡೆಯ ಹಿಡಿಕೆ ಕೈಗೆ ಸಿಗುತ್ತದೆ, ಇನ್ನೊಂದು ಪಕ್ಕ ಪೂರ್ತಿ ಖಾಲಿ ಸಿಗುತ್ತದೆ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ, ಸಮಿತಿಯವರಿಗೆ ಉಪಯೋಗವಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 44ನೇ ಕಲಂ ಪ್ರಕಾರ, ಈ ನಿಯಮ ಪಾಲಿಸದ ಪ್ಲ್ಯಾನಿಗೆ ಕಟ್ಟುವ ಅನುಮತಿ ಕೊಡುವಂತಿಲ್ಲ, ಕಟ್ಟಿದ ಮೇಲೆ ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ಇವೆಲ್ಲ ಬರೀ ಸಲಹೆ ಅಂತ ತೇಲಿಸುತ್ತಿದ್ದವರಿಗೆ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಚೆನ್ನಾಗಿ ಹೇಳಿತು. ಪಾಲಿಸಲೇಬೇಕಾದ ನಿಯಮಗಳನ್ನು ಬೇರೆಯಾಗಿ ಮಾಡಿ ಅಂತ ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತ್ತು.

ಲೆಕ್ಕದ ಮಾಸ್ತರ್
ಬೈಯಬೇಡಿ, ನೇರ ಕೇಳುತ್ತೇನೆ. ಸಣ್ಣ ಊರು. ಗಾಲಿಕುರ್ಚಿಯವರು ವರ್ಷಕ್ಕೆ ಒಬ್ಬರೋ ಇಬ್ಬರೋ ಬರುತ್ತಾರೆ. ಅವರಿಗಾಗಿ 48 ಚದರ ಅಡಿ? ಅಷ್ಟರಲ್ಲಿ ಎರಡು ಮಾಮೂಲಿ ಶೌಚಾಲಯ ಆಗುತ್ತವೆ. ಮದುವೆ ದಿನ ಹೆಂಗಸರ ಸಾಲು ನೋಡಿದ್ದೀರಾ?

ಚಕ್ರವರ್ತಿನಿ
ಮಾಸ್ತರೇ, ನಾವು ಬರುವುದಿಲ್ಲ ಅಂತ ಕಟ್ಟುವುದಿಲ್ಲವೋ, ಕಟ್ಟಿಲ್ಲ ಅಂತ ನಾವು ಬರುವುದಿಲ್ಲವೋ? ನನ್ನ ತಂಗಿ ಮದುವೆ ಕಥೆ ಮೇಲೆ ಬರೆದಿದ್ದೇನೆ, ಇನ್ನೊಮ್ಮೆ ಓದಿ.

ಮಂಡಿನೋವು
ನನಗೆ 67. ಗಾಲಿಕುರ್ಚಿ ಇಲ್ಲ, ಅಂಗವಿಕಲರ ಕಾರ್ಡೂ ಇಲ್ಲ. ಎರಡೂ ಮಂಡಿ ಹೋಗಿವೆ. ಛತ್ರಗಳಲ್ಲಿ ಕೆಳಗೆ ಕೂರುವ ಪ್ಯಾನಿನ ಮೇಲೆ ಕೂತರೆ ಏಳಲು ಸೊಸೆ ಬರಬೇಕು. ಒಮ್ಮೆ ನಲ್ಲಿ ಹಿಡಿದು ಎದ್ದೆ, ನಲ್ಲಿಯೇ ಕಿತ್ತು ಕೈಗೆ ಬಂತು! ಮಾಸ್ತರೇ, ನಿಮ್ಮ ಊರಲ್ಲಿ ಮುದುಕಿಯರೇ ಇಲ್ಲವಾ? ಬಸುರಿಯರು? ಮೊನ್ನೆ ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡವರು?

ಲೆಕ್ಕದ ಮಾಸ್ತರ್
ಅಮ್ಮಾ, ಈ ಮಾತು ಒಪ್ಪಿದೆ. ನಮ್ಮವ್ವನೂ ಇದೇ ಕಾರಣಕ್ಕೆ ಊಟ ಮುಗಿಯುವುದೇ ತಡ ಮನೆಗೆ ಹೊರಡುತ್ತಾಳೆ. ನಾನು ಅದನ್ನು ಹೀಗೆ ಯೋಚಿಸಿರಲಿಲ್ಲ. ಆದರೆ ಸಾಲಿನ ಮಾತು ಮಾತ್ರ ವಾಪಸ್ ತೆಗೆದುಕೊಳ್ಳಲ್ಲ. ಹೆಂಗಸರಿಗೆ ಶೌಚಾಲಯ ಎಲ್ಲಾ ಕಡೆ ಕಮ್ಮಿಯೇ.

ಮೇಸ್ತ್ರಿ ಮಗ
ಅಣ್ಣಾ, ಪೇಪರಿನ ಅಳತೆ ಸರಿ ಇದ್ದರೂ ಕೆಲಸ ಕೆಡುವುದು ಸೈಟಿನಲ್ಲಿ. ನಾವೇ ಕೆಡಿಸಿದ್ದನ್ನು ಹೇಳುತ್ತೇನೆ.

ಅಳತೆ ಅಂದರೆ ಟೈಲ್ಸ್ ಆದ ಮೇಲಿನ ಅಳತೆ. ಗಿಲಾವು, ಟೈಲ್ಸು, ಅದರ ಕೆಳಗಿನ ಗಾರೆ ಸೇರಿ ಒಂದೊಂದು ಗೋಡೆಗೆ ಒಂದರಿಂದ ಒಂದೂವರೆ ಇಂಚು ತಿನ್ನುತ್ತದೆ. ಎದುರುಬದುರು ಎರಡು ಗೋಡೆಗೆ ಮೂರು ಇಂಚು ಹೋಯಿತು. ಇಟ್ಟಿಗೆಯಿಂದ ಇಟ್ಟಿಗೆಗೆ ಅಷ್ಟು ಜಾಸ್ತಿ ಇಡಿಸಿ.

ಬಾಗಿಲು. ‘3 ಅಡಿ ಬಾಗಿಲು’ ಅಂದರೆ ಬಡಗಿಗೆ ಚೌಕಟ್ಟಿನ ಹೊರ ಅಳತೆ. ಅದರಲ್ಲಿ ಚೌಕಟ್ಟಿನ ಮರ ಕಳೆದು, ತೆರೆದ ಬಾಗಿಲಿನ ದಪ್ಪ ಕಳೆದರೆ ಉಳಿಯುವುದು ಎರಡೂವರೆ ಅಡಿ. ನಿಮಗೆ ಬೇಕಾದದ್ದು ಖಾಲಿ ಜಾಗ 3 ಅಡಿ. ಮೂರೂವರೆ ಅಡಿ ಚೌಕಟ್ಟು ಹೇಳಿ. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲೂ ಆಗಲ್ಲ. ಮೈ ಅಡ್ಡ ಇರುತ್ತದೆ.

ಹೊಸ್ತಿಲು. ನೀರು ಹೊರಗೆ ಬರದಿರಲಿ ಅಂತ ಬಾತ್‌ರೂಮಿಗೆ ಒಂದೆರಡು ಇಂಚಿನ ಕಲ್ಲು ಕೂರಿಸುವುದು ನಮಗೆ ಚಾಳಿ. ‘ಬೇಡ’ ಅಂತ ಹೇಳಿ ಹೋಗಿರಿ, ಸಂಜೆ ಬಂದು ನೋಡಿದರೆ ಇರುತ್ತದೆ! ಅದರ ಬದಲು ನೆಲವನ್ನು ಬಾಗಿಲಿನಿಂದ ಹಿಂದಿನ ಗೋಡೆಯ ಹತ್ತಿರ ನೀರು ಹೋಗುವ ನಾಹ್ನಿ ಟ್ರ್ಯಾಪಿನ ಕಡೆ ಸಣ್ಣಗೆ ಇಳಿಸಿ. ಬಾಗಿಲ ಅಡಿಯಲ್ಲಿ ಉದ್ದಕ್ಕೆ ಒಂದು ಜಾಲರಿ ಚರಂಡಿ ಕೊಟ್ಟರೆ ಇನ್ನೂ ಚೆಂದ.

ಹಿಡಿಕೆ. ಕಂಪನಿಗಿಂತ ಅದರ ಹಿಂದಿನ ಗೋಡೆ ಮುಖ್ಯ. ಟೊಳ್ಳು ಬ್ಲಾಕಿಗೆ ಅಥವಾ ಹಗುರ ಬ್ಲಾಕಿಗೆ ಪ್ಲಾಸ್ಟಿಕ್ ಗಟ್ಟಾ ಹೊಡೆದು ಸ್ಕ್ರೂ ಹಾಕಿದರೆ, ಆಳು ಜೋತುಬಿದ್ದ ದಿನ ಗೋಡೆ ಸಮೇತ ಬರುತ್ತದೆ. ಹಿಡಿಕೆ ಬರುವ ಕಡೆ ಬ್ಲಾಕಿನ ಟೊಳ್ಳನ್ನು ಕಾಂಕ್ರೀಟಿನಿಂದ ತುಂಬಿಸಿ. ಈಗ ಗೋಡೆ ಎದ್ದಿಲ್ಲವಲ್ಲ, ಎರಡು ಬಾಂಡಲಿ ಕಾಂಕ್ರೀಟಿನ ಕೆಲಸ. ಆಮೇಲೆ ಕೇಳಿದರೆ ಟೈಲ್ಸ್ ಒಡೆಯಬೇಕು. ಮತ್ತೆ, ಟವೆಲ್ ಹಾಕುವ ರಾಡನ್ನು ಹಿಡಿಕೆ ಅಂತ ಹಾಕಬೇಡಿ. ತಮಾಷೆಯಲ್ಲ, ಹಾಕಿದ್ದಾರೆ.

ಒ.ಟಿ. ಅಕ್ಕ
ಆಕ್ಯುಪೇಷನಲ್ ಥೆರಪಿಸ್ಟ್ ಆಗಿ, ಅಂದರೆ ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ಕಲಿಸುವ ಚಿಕಿತ್ಸಕಿಯಾಗಿ, ಎರಡು ಮಾತು. ಪಾರ್ಶ್ವವಾಯು ಆದವರಿಗೆ ಒಂದೇ ಕಡೆ ಬಲ ಇರುತ್ತದೆ. ಗೋಡೆ ಹಿಡಿಕೆ ಎಡಕ್ಕಿದ್ದು ಅವರ ಎಡಗೈಯೇ ಬಿದ್ದುಹೋಗಿದ್ದರೆ ಆ ಹಿಡಿಕೆ ಇದ್ದೂ ಇಲ್ಲದ ಹಾಗೆ. ಮನೆಯಲ್ಲಾದರೆ ಆ ಒಬ್ಬರಿಗೆ ತಕ್ಕಂತೆ ಮಾಡಬಹುದು. ಊರಿನ ಭವನದಲ್ಲಿ ಆಗಲ್ಲ. ಆದ್ದರಿಂದ ಖಾಲಿ ಬಿಟ್ಟ ಕಡೆಗೆ ಮೇಲಕ್ಕೆ ಮಡಚುವ ಹಿಡಿಕೆ ಹಾಕಿ. ಗಾಲಿಕುರ್ಚಿಯವರು ಎತ್ತಿ ಬಿಡುತ್ತಾರೆ, ಬಲಗೈ ಬಲದವರು ಇಳಿಸಿ ಹಿಡಿಯುತ್ತಾರೆ. ಇಂಥ ಎರಡು ಶೌಚಾಲಯ ಕಟ್ಟುವವರಾದರೆ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಮಾಡಿ.

ಅಡ್ಡ ಹಿಡಿಕೆ ಸೀಟಿಗಿಂತ ಸುಮಾರು 8 ಇಂಚು ಮೇಲೆ ಇರಲಿ. ಗೋಡೆಗೂ ಹಿಡಿಕೆಗೂ ನಡುವೆ 2 ಇಂಚು ಬಿಡಿ. ಜಾಸ್ತಿ ಬಿಟ್ಟರೆ ಜಾರಿದಾಗ ತೋಳು ಒಳಗೆ ಸಿಕ್ಕಿಕೊಳ್ಳುತ್ತದೆ. ಹ್ಯಾಂಡ್ ಶವರ್, ಫ್ಲಶ್ ಎರಡೂ ಕೂತಲ್ಲಿಂದಲೇ ಕೈಗೆ ಸಿಗಬೇಕು. ಬೆನ್ನ ಹಿಂದೆ ತಿರುಗಿ ಫ್ಲಶ್ ಒತ್ತುವುದು ಎಷ್ಟೋ ಜನಕ್ಕೆ ಆಗುವುದೇ ಇಲ್ಲ. ಪಾಪ, ‘ಗಲೀಜು ಮಾಡಿ ಹೋದರು’ ಅನ್ನಿಸಿಕೊಳ್ಳುತ್ತಾರೆ.

ಎಚ್ಚರಿಕೆ ಗಂಟೆಯ ಗುಂಡಿ ಎರಡು ಕಡೆ ಬೇಕು. ಒಂದು 3 ಅಡಿ ಎತ್ತರದಲ್ಲಿ, ಇನ್ನೊಂದು ನೆಲದಿಂದ 1 ಅಡಿಯಲ್ಲಿ. ಬಿದ್ದವರ ಕೈ ನೆಲದ ಮೇಲಿರುತ್ತದೆ.

ಕೈಚಪ್ಪಲಿ
ಎಲ್ಲರೂ ಗಾಲಿಕುರ್ಚಿ ಗಾಲಿಕುರ್ಚಿ ಅಂತಿದ್ದೀರಿ. ನನ್ನಂಥವರ ಲೆಕ್ಕ ಯಾರೂ ಹಿಡಿಯಲಿಲ್ಲ.

ನನಗೆ ಪೋಲಿಯೊ. ನೆಲದ ಮೇಲೆ ಕೈಯೂರಿ ಹೋಗುತ್ತೇನೆ. ಹವಾಯಿ ಚಪ್ಪಲಿ ಕಾಲಿಗಲ್ಲ, ಕೈಗೆ ಹಾಕುತ್ತೇನೆ. ಹಳ್ಳಿಯಲ್ಲಿ ಇಂಥವರು ಇನ್ನೂ ಇದ್ದೇವೆ. ಗಾಲಿಕುರ್ಚಿ ಕೊಟ್ಟಿದ್ದಾರೆ, ಆದರೆ ನಮ್ಮ ಓಣಿಯಲ್ಲಿ ಅದು ಹೋಗಲ್ಲ.

ನಿಮ್ಮ 19 ಇಂಚಿನ ಕಮೋಡು ನನಗೆ ಗೋಡೆ ಇದ್ದಂಗೆ. ನೆಲದಿಂದ ಅದರ ಮೇಲೆ ಹತ್ತಬೇಕು. ಅದಕ್ಕಿಂತ ಕಷ್ಟ ನೆಲ. ಎಲ್ಲರೂ ಚಪ್ಪಲಿ ಕಾಲಿನಲ್ಲಿ ತುಳಿದ ಆ ಒದ್ದೆ ನೆಲದ ಮೇಲೆ ನನ್ನ ಅಂಗೈ, ತೊಡೆ, ಪಂಚೆ ಎಲ್ಲಾ ಎಳೆದುಕೊಂಡು ಹೋಗಬೇಕು. ಮದುವೆಗೆ ಇಸ್ತ್ರಿ ಮಾಡಿ ಉಟ್ಟಿರುತ್ತೇನೆ. ಒಳಗೆ ಹೋಗಿ ಬಂದ ಮೇಲೆ ಪಂಕ್ತಿಯಲ್ಲಿ ಕೂರಲು ಮನಸ್ಸಾಗಲ್ಲ.

ನೀವು ಮಾಡಬೇಕಾದದ್ದು ಇಷ್ಟೇ. ನೆಲ ಒಣಗಿರಲಿ. ಕಮೋಡಿನ ಪಕ್ಕಕ್ಕೆ 9 ಇಂಚಿನ ಗಟ್ಟಿ ಮಣೆ ಒಂದು ಇರಲಿ, ನನ್ನಂಥವನು ಎರಡು ಹಂತದಲ್ಲಿ ಹತ್ತುತ್ತಾನೆ. ಗಾಲಿಕುರ್ಚಿಯವರು ಬಂದರೆ ಅದನ್ನು ಆಚೆ ಸರಿಸಬಹುದು. ಒಂದು ಹಿಡಿಕೆ ಕೆಳಗೂ ಇರಲಿ. ಚಿಲಕ ಒಂದು 2 ಅಡಿ ಎತ್ತರದಲ್ಲಿ ಇರಲಿ. ಎಷ್ಟು ಕಡೆ ಬಾಗಿಲು ಹಾಕಿಕೊಳ್ಳಲಾಗದೆ ಹೊರಗೆ ಮಗನನ್ನು ಕಾವಲು ನಿಲ್ಲಿಸಿದ್ದೇನೆ ಗೊತ್ತಾ.

ಹಾವೇರಿ ಹುಡುಗ
ಅಣ್ಣಾ, ನಿಮ್ಮ ಮಾತು ಓದಿ ಸುಮಾರು ಹೊತ್ತು ಏನೂ ಬರೆಯಲಾಗಲಿಲ್ಲ. ನಮ್ಮೂರಲ್ಲೂ ಒಬ್ಬರಿದ್ದಾರೆ, ನಿಮ್ಮ ಹಾಗೆಯೇ. ಅವರು ಯಾವ ಮದುವೆಗೂ ಬಂದ ನೆನಪಿಲ್ಲ. ಚಪ್ಪರದ ಹೊರಗೆ ಕೂತು ಊಟ ತರಿಸಿಕೊಂಡು ಹೋಗುತ್ತಾರೆ.

ಬಿಳಿಕೋಲು
ಕುರುಡರ ಪರವಾಗಿ. ನಮಗೆ ದೊಡ್ಡ ಕೋಣೆ ಬೇಡವೇ ಬೇಡ. ಅಷ್ಟು ದೊಡ್ಡದರಲ್ಲಿ ಗೋಡೆ ತಡಕುತ್ತಾ ಕಮೋಡು ಹುಡುಕುವುದು, ಏನೇನೋ ಮುಟ್ಟುವುದು, ಛೀ. ‘ಬನ್ನಿ ಸರ್, ನಿಮ್ಮದು ಈ ಕಡೆ’ ಅಂತ ಕೈ ಹಿಡಿದು ಅಲ್ಲಿಗೇ ಎಳೆದೊಯ್ಯುತ್ತಾರೆ. ನನಗೆ ಮಾಮೂಲಿ ಚಿಕ್ಕದೇ ಸಾಕು.

ನನ್ನ ಕಷ್ಟ ಬಾಗಿಲಿನ ಹೊರಗೇ ಶುರು. ಹೋಟೆಲುಗಳಲ್ಲಿ ಒಂದು ಬಾಗಿಲಿಗೆ ಮೀಸೆ ಚಿತ್ರ, ಇನ್ನೊಂದಕ್ಕೆ ಲಿಪ್‌ಸ್ಟಿಕ್ ಚಿತ್ರ. ಕಣ್ಣಿದ್ದವರೇ ತಲೆ ಕೆರೆದುಕೊಳ್ಳುತ್ತಾರೆ. ನಿಮ್ಮಲ್ಲಿ ‘ಗಂಡಸರು’, ‘ಹೆಂಗಸರು’ ಅಂತ ಉಬ್ಬಕ್ಷರದಲ್ಲೂ ಬ್ರೈಲಿನಲ್ಲೂ ಹಾಕಿಸಿ. ಬಾಗಿಲ ಮೇಲಲ್ಲ, ಚಿಲಕ ಇರುವ ಪಕ್ಕದ ಗೋಡೆಯ ಮೇಲೆ. ಬಾಗಿಲ ಮೇಲಿದ್ದರೆ ಓದುತ್ತಾ ನಿಂತಾಗ ಒಳಗಿಂದ ಯಾರೋ ತೆರೆದು ಮೂಗು ಜಜ್ಜುತ್ತಾರೆ. ಅನುಭವ.

ಅರೆದೃಷ್ಟಿಯವರಿಗೆ ಇನ್ನೊಂದು. ಬಿಳಿ ನೆಲ, ಬಿಳಿ ಗೋಡೆ, ಬಿಳಿ ಕಮೋಡು ಇದ್ದರೆ ಎಲ್ಲಾ ಹಾಲಿನಲ್ಲಿ ಬಿದ್ದ ಸುಣ್ಣ. ನೆಲವಾದರೂ ಕಡು ಬಣ್ಣದ್ದು ಹಾಕಿ.

ಹೊಸ ಸದಸ್ಯ
‘ಅಂಗವಿಕಲ’ ಅನ್ನುವುದು ಸರಿಯಲ್ಲ. ‘ವಿಶೇಷಚೇತನ’ ಅಥವಾ ‘ದಿವ್ಯಾಂಗ’ ಅಂತ ಬಳಸಬೇಕಾಗಿ ವಿನಂತಿ.

ಚಕ್ರವರ್ತಿನಿ
ಏನಾದರೂ ಕರೆಯಿರಿ ಸರ್. ಬಾಗಿಲು ಮಾತ್ರ 3 ಅಡಿ ಇಡಿ.

ಪುಟ್ಟನ ಅಮ್ಮ
ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ. ಈಗ 14 ವರ್ಷ. ಕಮೋಡಿನ ಮೇಲೆ ಕೂರಲಾರ, ಡೈಪರ್ ಬದಲಿಸಬೇಕು. ಮಗುವಾಗಿದ್ದಾಗ ಮಡಿಲಲ್ಲೇ ಆಗುತ್ತಿತ್ತು. ಈಗ ನನಗಿಂತ ಉದ್ದ ಇದ್ದಾನೆ. ಹೊರಗೆ ಹೋದರೆ ಶೌಚಾಲಯದ ನೆಲದ ಮೇಲೆ ಹಾಳೆ ಹಾಸಿ ಮಲಗಿಸುತ್ತೇನೆ. ಇಲ್ಲವೇ ಕಾರಿನ ಹಿಂದಿನ ಸೀಟು, ಕಿಟಕಿಗೆ ನನ್ನ ಸೀರೆ ಸೆರಗು. ಮಲಗಿಸಲು ಒಂದು ಬೆಂಚಿದ್ದರೆ ಸಾಕು. ಆಸ್ಪತ್ರೆಯಲ್ಲಿ ಪರೀಕ್ಷೆಗೆ ಮಲಗಿಸುವ ಮಂಚ ಇರುತ್ತಲ್ಲ, ಅಂಥದ್ದು.

ಲೀಡ್ಸ್ ಕನ್ನಡಿಗ
ಅಕ್ಕಾ, ನೀವು ಕೇಳಿದ್ದು ಇಲ್ಲಿ ಬ್ರಿಟನ್ನಿನಲ್ಲಿ ಇದೆ. ‘ಚೇಂಜಿಂಗ್ ಪ್ಲೇಸಸ್’ ಅಂತ ಕರೆಯುತ್ತಾರೆ. 3 ಮೀಟರಿಗೆ 4 ಮೀಟರ್ ಕೋಣೆ, ದೊಡ್ಡವರನ್ನು ಮಲಗಿಸುವ ಬೆಂಚು, ಅವರನ್ನು ಎತ್ತಲು ಚಾವಣಿಯಲ್ಲಿ ಹಾಯ್ಸ್ಟ್ ಅನ್ನುವ ಯಂತ್ರ. ನಿಮ್ಮಂಥ ಅಮ್ಮಂದಿರು ಮತ್ತವರ ಜೊತೆಗಾರರು 2006ರಲ್ಲಿ ಚಳವಳಿ ಶುರುಮಾಡಿದರು. ಇಂಗ್ಲೆಂಡಿನಲ್ಲಿ ಹೊಸ ದೊಡ್ಡ ಸಾರ್ವಜನಿಕ ಕಟ್ಟಡಗಳಿಗೆ ಕಡ್ಡಾಯವಾಗಿದ್ದು 2021ರಲ್ಲಿ. ಹದಿನೈದು ವರ್ಷ ಹಿಡಿಯಿತು.

ಇಲ್ಲಿ ಎಲ್ಲಾ ಸರಿ ಇದೆ ಅಂತ ಹೇಳುತ್ತಿಲ್ಲ. ಬಿದ್ದಾಗ ಎಳೆಯಲು ಕೆಂಪು ದಾರ ಇಳಿಬಿಟ್ಟಿರುತ್ತಾರೆ. ಗುಡಿಸುವವರು ಅಡ್ಡ ಬರುತ್ತೆ ಅಂತ ಅದನ್ನು ಮೇಲಕ್ಕೆ ಗಂಟು ಹಾಕಿಬಿಡುತ್ತಾರೆ. ‘ಇದನ್ನು ನೆಲದವರೆಗೆ ಬಿಡಿ’ ಅಂತ ಬರೆದ ಚೀಟಿಯನ್ನು ಅದಕ್ಕೆ ಕಟ್ಟುತ್ತಾ ಹೋಗುವ ಒಂದು ಸಂಸ್ಥೆಯೇ ಇದೆ!

ಚಕ್ರವರ್ತಿನಿ ಅಕ್ಕ ಹೇಳಿದ ಗಂಡ-ಹೆಂಡತಿ ಮಾತಿಗೆ ಒಂದು ಹಿನ್ನೆಲೆ. ಸೆಲ್ವಿನ್ ಗೋಲ್ಡ್‌ಸ್ಮಿತ್ ಅಂತ ಇಲ್ಲಿಯ ವಾಸ್ತುಶಿಲ್ಪಿ. 1956ರಲ್ಲಿ ಅವರಿಗೇ ಪೋಲಿಯೊ ಬಂತು. ಅರವತ್ತರ ದಶಕದಲ್ಲಿ ನಾರ್ವಿಚ್ ಊರಿನಲ್ಲಿ ಗಾಲಿಕುರ್ಚಿ ಬಳಸುವ 284 ಜನರನ್ನು ಮಾತಾಡಿಸಿದರು. ಗಂಡು-ಹೆಣ್ಣು ಇಬ್ಬರೂ ಬಳಸುವ, ಹೊರಗಿನಿಂದ ನೇರ ಬಾಗಿಲಿರುವ ಶೌಚಾಲಯ ಬೇಕು ಅಂತ ಪಟ್ಟು ಹಿಡಿದವರಲ್ಲಿ ಅವರು ಒಬ್ಬರು. ಮೊದಲು ಕೇಳಿದರು, ಆಮೇಲೆ ಗೆರೆ ಎಳೆದರು.

ನಿವೃತ್ತ ಇಂಜಿನಿಯರ್
ಕೇಳುವ ಮಾತು ಬಂತಲ್ಲ, ಹುಡುಗಾ, ನಿನ್ನ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ವಿ.ಆರ್.ಡಬ್ಲ್ಯು. ಅಂತಾರೆ. ಊರಿನ ಅಂಗವಿಕಲರ ಪಟ್ಟಿ ಅವರ ಹತ್ತಿರ ಇರುತ್ತದೆ. ಪಂಚಾಯಿತಿ ತನ್ನ ಸ್ವಂತ ಹಣದಲ್ಲಿ ಶೇ 5ನ್ನು ಅಂಗವಿಕಲರಿಗೆ ಖರ್ಚು ಮಾಡಬೇಕು ಅಂತಲೂ ಇದೆ. ಮಡಚುವ ಹಿಡಿಕೆಗೆ ದುಡ್ಡಿಲ್ಲ ಅಂದರೆ ಅದನ್ನು ಕೇಳು.

ಗೋಡೆ ಎತ್ತುವ ಮೊದಲು ನೆಲದ ಮೇಲೆ ಸುಣ್ಣದಲ್ಲಿ ಪೂರ್ತಿ ಕೋಣೆ ಬರೆ. ಕಮೋಡಿನ ಜಾಗಕ್ಕೆ ಪ್ಲಾಸ್ಟಿಕ್ ಕುರ್ಚಿ ಇಡು. ಬಳಸುವವರನ್ನೇ ಕರೆದು ಒಳಗೆ ಬಿಡು.

ಹಾವೇರಿ ಹುಡುಗ (ಹನ್ನೊಂದು ದಿನದ ನಂತರ)
ಸರ್ ಹೇಳಿದ ಹಾಗೆ ಮಾಡಿದೆವು.

ವಿ.ಆರ್.ಡಬ್ಲ್ಯು. ಮೇಡಂ ನಾಲ್ಕು ಜನರನ್ನು ಕರೆತಂದರು. ಮೊದಲ ಪೆಟ್ಟು ಶೌಚಾಲಯದಲ್ಲಿ ಬೀಳಲಿಲ್ಲ, ಗೇಟಿನಲ್ಲೇ ಬಿತ್ತು. ಅಂಗಳಕ್ಕೆ ಜಲ್ಲಿ ಹಾಕಿಸಿದ್ದೆವು, ಗಾಲಿಕುರ್ಚಿ ಹೂತುಕೊಂಡು ನಿಂತಿತು. ಇಳಿಜಾರು ಇರುವುದು ಹಿಂಬದಿಯಲ್ಲಿ, ಅಡುಗೆಮನೆ ದಾಟಿ. ಮದುವೆ ದಿನ ಅಲ್ಲಿ ಒಲೆ ಉರಿಯುತ್ತಿರುತ್ತದೆ. ಈಗ ಗೇಟಿನಿಂದ ಮುಂಬಾಗಿಲಿಗೆ 4 ಅಡಿ ಅಗಲದ ಕಾಂಕ್ರೀಟ್ ದಾರಿ, ಅಲ್ಲೇ ಇಳಿಜಾರು. 1 ಅಡಿ ಏರಲು 12 ಅಡಿ ಉದ್ದ ಬೇಕು ಅಂತ ಇಂಜಿನಿಯರ್ ಹೇಳಿದ್ದಕ್ಕೆ ಅಂಗಳದ ಕಟ್ಟೆ ಸ್ವಲ್ಪ ಒಡೆಯಬೇಕಾಯಿತು. ಅಧ್ಯಕ್ಷರು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಶೌಚಾಲಯವನ್ನು ಹೆಂಗಸರ ಕಡೆಯಿಂದ ತೆಗೆದು, ಊಟದ ಹಾಲಿನ ಪಕ್ಕದ ಸ್ಟೋರ್ ರೂಮಿನ ಜಾಗಕ್ಕೆ ತಂದೆವು. ಹೊರಗಿನಿಂದ ನೇರ ಬಾಗಿಲು. ಒಳಗೆ 7 ಅಡಿ 6 ಇಂಚಿಗೆ 9 ಅಡಿ ಸಿಕ್ಕಿತು. ಪುಟ್ಟನ ಅಮ್ಮ, ಉಳಿದ ಉದ್ದಕ್ಕೆ ಗೋಡೆಗೆ ಮಡಚುವ 6 ಅಡಿ ಬೆಂಚು ಹಾಕಿಸುತ್ತಿದ್ದೇವೆ, ವೆಲ್ಡಿಂಗ್ ಅಂಗಡಿಯವರು ಒಪ್ಪಿದ್ದಾರೆ. ಹೆಂಗಸರ ಕಡೆ ಖಾಲಿಯಾದ ಮೂಲೆಯಲ್ಲಿ ಇನ್ನೊಂದು ಮಾಮೂಲಿ ಶೌಚಾಲಯ ಬರುತ್ತದೆ. ಮಾಸ್ತರೇ, ಸಾಲಿಗೆ.

ಕೈಚಪ್ಪಲಿ ಅಣ್ಣಾ, ನಮ್ಮೂರಿನ ಆ ಹಿರಿಯರೂ ಬಂದಿದ್ದರು. ಸುಣ್ಣದ ಗೆರೆ ದಾಟುವ ಮುಂಚೆ ‘ಒಳಗೆ ಬರಲಾ?’ ಅಂತ ಕೇಳಿದರು. ಬರೀ ಗೆರೆ, ಗೋಡೆಯೇ ಇಲ್ಲ. ಮಣೆ ಅವರಿಗೆ 9 ಇಂಚು ಜಾಸ್ತಿಯಾಯಿತು, 7 ಸಾಕಂತೆ. ಚಿಲಕದ ಎತ್ತರಕ್ಕೆ ಅವರೇ ಗೂಟಕ್ಕೆ ಗುರುತು ಹಾಕಿ ಹೋದರು.

ಕೈಚಪ್ಪಲಿ
7 ಆದರೆ 7. ಅವರ ತೋಳು ಗಿಡ್ಡ ಇರಬೇಕು. ಒಂದು ಕೇಳುತ್ತೇನೆ, ನಿಜ ಹೇಳು. ಇಂಥ ಶೌಚಾಲಯ ಎಲ್ಲಿ ಕಟ್ಟಿದರೂ ಮೂರು ತಿಂಗಳಿಗೆ ಬೀಗ ಬೀಳುತ್ತದೆ. ಒಳಗೆ ಪೊರಕೆ, ಫಿನಾಯಿಲ್ ಡಬ್ಬ, ಮುರಿದ ಕುರ್ಚಿ. ಕೀಲಿ ಇದ್ದವನು ಊಟಕ್ಕೆ ಹೋಗಿರುತ್ತಾನೆ. ನಿಮ್ಮಲ್ಲಿ ಕೀಲಿ ಯಾರ ಹತ್ತಿರ?

ಹಾವೇರಿ ಹುಡುಗ
ಹೊರಗಡೆ ಬೀಗ ಹಾಕುವ ಕೊಂಡಿಯನ್ನೇ ಇಡಿಸಿಲ್ಲ ಅಣ್ಣಾ. ಒಳಚಿಲಕ ಮಾತ್ರ. ಅದೂ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ತೆರೆಯುತ್ತದೆ, ಯಾರಾದರೂ ಬಿದ್ದರೆ ಬೇಕಲ್ಲ.

ಪೊರಕೆಗೆ ಮಾತ್ರ ಜಾಗ ಸಿಕ್ಕಿಲ್ಲ. ಸ್ಟೋರ್ ರೂಮು ಹೋಯಿತಲ್ಲ, ಎಲ್ಲಿಡೋದು ಅಂತ ಅಧ್ಯಕ್ಷರು ದಿನಾ ಕೇಳುತ್ತಿದ್ದಾರೆ.

ಮೇಸ್ತ್ರಿ ಮಗ
ಮೆಟ್ಟಿಲ ಕೆಳಗೆ ಜಾಗ ಇರುತ್ತೆ ನೋಡಣ್ಣ. ಅಲ್ಲಿ ಎರಡು ಕಡಪಾ ಕಲ್ಲಿನ ಹಲಗೆ ಕೂರಿಸಿ, ಒಂದು ಸಣ್ಣ ಬಾಗಿಲು ಹಾಕಿ. ಬೀಗ ಬೇಕಾದರೆ ಅದಕ್ಕೆ ಹಾಕಿಕೊಳ್ಳಲಿ.